ಹಳೇ ಕಾರಿಗೆ ಗೇರ್‌ಬಾಕ್ಸ್ ಆರಿಸುವ ಮುನ್ನ ಮಾಡಬೇಕಾದ ಲೆಕ್ಕ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಅಂಬಾಸಿಡರ್, ಪದ್ಮಿನಿ, ಕಾಂಟೆಸಾ, ಹಳೇ ಜೀಪು ಇಟ್ಟುಕೊಂಡಿರುವ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: "ನನ್ನ ಗಾಡಿಗೆ ಐದು ಗೇರಿನ ಬಾಕ್ಸ್ ಕೂರುತ್ತಾ?" ಕೂರುತ್ತದೆ. ಲೇತ್ ಇದ್ದರೆ, ದುಡ್ಡಿದ್ದರೆ ಯಾವುದಕ್ಕೆ ಯಾವುದನ್ನು ಬೇಕಾದರೂ ಕೂರಿಸಬಹುದು. ಗುಜರಿ ಅಂಗಡಿಯಲ್ಲಿ ಕೇಳಿ ನೋಡಿ, "ಕುಂದರ್ತೈತ್ರಿ, ಚಿಂತಿ ಮಾಡಬ್ಯಾಡ್ರಿ" ಅಂತಲೇ ಹೇಳುತ್ತಾರೆ. ಕೂರಿಸಿದ ಮೇಲೆ ಗಾಡಿ ಮೊದಲಿಗಿಂತ ಚೆನ್ನಾಗಿ ಓಡುತ್ತದೋ ಇಲ್ಲವೋ ಅನ್ನೋದನ್ನು ಮಾತ್ರ ಅಲ್ಲಿ ಯಾರೂ ಹೇಳುವುದಿಲ್ಲ. ಅದನ್ನು ಮನೆಯಲ್ಲೇ, ಒಂದು ರೂಪಾಯಿ ಖರ್ಚು ಮಾಡುವ ಮೊದಲೇ ಲೆಕ್ಕ ಹಾಕಬಹುದು.

ಬೇಕಾಗುವ ಸಾಮಾನು: ಸೀಮೆಸುಣ್ಣ, ಅಳತೆ ಟೇಪು, ಜಾಕ್, ಗಟ್ಟಿಯಾದ ಎರಡು ಸ್ಟ್ಯಾಂಡು, ಚಕ್ರಕ್ಕೆ ಒಡ್ಡಲು ಕಟ್ಟಿಗೆ, ಮೊಬೈಲಿನ ಕ್ಯಾಲ್ಕ್ಯುಲೇಟರ್, ಜೊತೆಗೆ ಒಬ್ಬರು.

ಕೆಲವು ಪದಗಳನ್ನು ಮೊದಲೇ ತಿಳಿದುಕೊಂಡರೆ ಮುಂದಿನದು ಸುಲಭ. ಆರ್‌ಪಿಎಂ ಅಂದರೆ ಎಂಜಿನ್ ಒಂದು ನಿಮಿಷಕ್ಕೆ ತಿರುಗುವ ಸುತ್ತು. ರೇಷಿಯೊ ಅಂದರೆ, ಗೇರ್‌ಬಾಕ್ಸಿನಿಂದ ಹೊರಗೆ ಬರುವ ಶಾಫ್ಟ್ ಒಂದು ಸುತ್ತು ಹಾಕಲು ಎಂಜಿನ್ ಎಷ್ಟು ಸುತ್ತು ಹಾಕಬೇಕು ಅನ್ನುವ ಲೆಕ್ಕ. ನಮ್ಮ ಹಳೇ ಕಾರುಗಳಲ್ಲಿ ಸಾಮಾನ್ಯವಾಗಿ ನಾಲ್ಕನೇ ಗೇರಿನ ರೇಷಿಯೊ 1. ಅಂದರೆ ಎರಡೂ ಸರಿಸಮ ತಿರುಗುತ್ತವೆ. ಐದನೇ ಗೇರ್ ಇದ್ದರೆ ಅದು ಸಾಮಾನ್ಯವಾಗಿ 1ಕ್ಕಿಂತ ಕಡಿಮೆ, 0.8ರ ಆಸುಪಾಸು. ಇದಕ್ಕೇ ಓವರ್‌ಡ್ರೈವ್ ಅನ್ನುತ್ತಾರೆ. ಕ್ರೌನ್-ಪಿನಿಯನ್ ಅಂದರೆ ಹಿಂದಿನ ಎರಡು ಚಕ್ರಗಳ ನಡುವಿನ ಕವಚದ, ಅಂದರೆ ಹೌಸಿಂಗಿನ, ಒಳಗೆ ಇರುವ ದೊಡ್ಡ ಮತ್ತು ಚಿಕ್ಕ ಹಲ್ಲುಚಕ್ರದ ಜೋಡಿ. ದೊಡ್ಡದರಲ್ಲಿ 41 ಹಲ್ಲು, ಚಿಕ್ಕದರಲ್ಲಿ 9 ಹಲ್ಲು ಇದ್ದರೆ ರೇಷಿಯೊ 4.55. ಈ ಸಂಖ್ಯೆ ಹೆಚ್ಚಾದಷ್ಟು ಎಳೆತ ಜಾಸ್ತಿ, ಹೈವೇಯಲ್ಲಿ ಎಂಜಿನ್ ಗದ್ದಲವೂ ಜಾಸ್ತಿ.

1. ಯಾವ ರಸ್ತೆಯಲ್ಲಿ ಓಡಿಸುತ್ತೀರಿ?

ಪ್ರಾಮಾಣಿಕವಾಗಿ ಉತ್ತರ ಕೊಟ್ಟುಕೊಳ್ಳಿ. ಗಾಡಿ ಭಾನುವಾರ ಮಾತ್ರ ಹೊರಬಂದು ವಿದ್ಯಾನಗರದಿಂದ ಉಣಕಲ್ ಕೆರೆಗೆ ಹೋಗಿ ವಾಪಸು ಬರುತ್ತದೆ ಅನ್ನುವುದಾದರೆ ಐದನೇ ಗೇರ್ ಹಾಕುವ ಸಂದರ್ಭವೇ ಬರುವುದಿಲ್ಲ. ಅಣ್ಣಿಗೇರಿ ಮೇಲಿಂದ ಗದಗಿಗೆ ಹೋಗುವ ದಾರಿ ಹೆಚ್ಚುಕಡಿಮೆ ಬಯಲು. ಅಲ್ಲಿ ಎತ್ತರದ ಗೇರ್, ಅಂದರೆ ರೇಷಿಯೊ ಕಡಿಮೆ ಇರುವ ಗೇರ್, ಹಾಯಾಗಿರುತ್ತದೆ. ಹಾವೇರಿ, ರಾಣೆಬೆನ್ನೂರು ಕಡೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ತಿಂಗಳಿಗೆ ನಾಲ್ಕು ಸಲ ಹೋಗುವವರಿಗೂ ಅದು ಬೇಕು. ಆದರೆ ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲಾಕ್ಕೆ ಹೋಗುವವರು ವಾಪಸು ಬರುವಾಗ ಅದೇ ಘಟ್ಟ ಹತ್ತಬೇಕಲ್ವಾ? ಅವರಿಗೆ ಮೊದಲ ಮತ್ತು ಎರಡನೇ ಗೇರ್ ಐದನೆಯದಕ್ಕಿಂತ ಮುಖ್ಯ.

2. ಈಗ ಇರುವುದನ್ನು ಅಳೆಯಿರಿ

ಪುಸ್ತಕದಲ್ಲಿ ಬರೆದಿದ್ದನ್ನು ನಂಬಬೇಡಿ. ನಿಮ್ಮ ಗಾಡಿಗೆ ನಾಲ್ಕೈದು ದಶಕ ಆಗಿದೆ. ನಡುವೆ ಯಾರೋ ಹೌಸಿಂಗ್ ಬದಲಿಸಿರಬಹುದು.

ಮೊದಲು ಟೈರ್. ಗಾಳಿ ಸರಿಯಾಗಿ ತುಂಬಿಸಿ, ಸಮತಟ್ಟು ನೆಲದ ಮೇಲೆ ನಿಲ್ಲಿಸಿ. ಹಿಂದಿನ ಟೈರು ನೆಲ ಮುಟ್ಟುವ ಜಾಗದಲ್ಲಿ ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗುರುತು ಹಾಕಿ. ಒಬ್ಬರು ಒಳಗೆ ಕೂತಿರಲಿ. ಟೈರಿನ ಗುರುತು ಮತ್ತೆ ಕೆಳಗೆ ಬರುವ ತನಕ ಗಾಡಿ ತಳ್ಳಿ, ಅಲ್ಲಿ ನೆಲಕ್ಕೆ ಇನ್ನೊಂದು ಗುರುತು ಹಾಕಿ. ನೆಲದ ಎರಡು ಗುರುತಿನ ನಡುವಿನ ದೂರವೇ ಸುತ್ತಳತೆ. ಅದನ್ನು ಮೀಟರಿನಲ್ಲಿ ಬರೆದುಕೊಳ್ಳಿ.

ಆಮೇಲೆ ಕ್ರೌನ್-ಪಿನಿಯನ್. ಹೌಸಿಂಗ್ ಬಿಚ್ಚುವ ಅಗತ್ಯ ಇಲ್ಲ. ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಟ್ಟಿಗೆ ಒಡ್ಡಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ. ಹಿಂದಿನ ಒಂದು ಚಕ್ರ ಮಾತ್ರ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಇನ್ನೊಂದು ನೆಲದ ಮೇಲೇ ಇರಲಿ. ಎತ್ತಿದ ಚಕ್ರವನ್ನು 20 ಸುತ್ತು ತಿರುಗಿಸಿ. ಜೊತೆಗಿರುವವರು ಪ್ರೊಪೆಲ್ಲರ್ ಶಾಫ್ಟಿನ, ಅಂದರೆ ಗೇರ್‌ಬಾಕ್ಸಿನಿಂದ ಹಿಂದಿನ ಹೌಸಿಂಗಿಗೆ ಹೋಗುವ ಉದ್ದನೆ ಶಾಫ್ಟಿನ, ಸುತ್ತು ಎಣಿಸಲಿ. ಬಂದ ಸಂಖ್ಯೆಯನ್ನು 10ರಿಂದ ಭಾಗಿಸಿ. 45 ಸುತ್ತು ಆಗಿ ಇನ್ನೂ ಅರ್ಧ ಬಂದರೆ 4.55. ಇಪ್ಪತ್ತಕ್ಕೆ ಹತ್ತರಿಂದ ಯಾಕೆ ಭಾಗಿಸುವುದು ಅಂತೀರಾ? ಒಂದು ಚಕ್ರ ನಿಂತಿರುವಾಗ ಇನ್ನೊಂದು ಎರಡು ಸುತ್ತು ಹಾಕಿದರೆ ಒಳಗಿನ ಕ್ರೌನ್ ಒಂದೇ ಸುತ್ತು ಹಾಕುತ್ತದೆ. ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ಲಿನ ಕೆಲಸವೇ ಅದು.

ಎಚ್ಚರಿಕೆ: ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ, ಎಣಿಸುವುದಕ್ಕೂ ಬೇಡ.

ಇಲ್ಲೇ ಒಂದು ಸಾಧಾರಣ ರೋಗ ಸಿಕ್ಕಿಬೀಳುತ್ತದೆ. ಅಂಬಾಸಿಡರಿಗೆ ಮೂಲತಃ ಬರುತ್ತಿದ್ದುದು 5.90-15 ಟೈರು, ಪದ್ಮಿನಿಗೆ 5.20-14. ಆ ಅಳತೆ ಸಿಗಲಿಲ್ಲ ಅಂತ ಅಂಗಡಿಯವರು ಕೊಟ್ಟ ಗಿಡ್ಡ ರೇಡಿಯಲ್ ಹಾಕಿಸಿರುತ್ತೀರಿ. ಸುತ್ತಳತೆ 2 ಮೀಟರಿನಿಂದ 1.9ಕ್ಕೆ ಇಳಿದರೆ ಅದೇ ವೇಗಕ್ಕೆ ಎಂಜಿನ್ ನೂರಕ್ಕೆ ಐದರಷ್ಟು ಜಾಸ್ತಿ ತಿರುಗಬೇಕು. ಸ್ಪೀಡೋಮೀಟರ್ ಕೂಡ ಸುಳ್ಳು ಹೇಳುತ್ತದೆ. "ಇತ್ತೀಚೆಗೆ ಗಾಡಿ ಜಾಸ್ತಿ ಕಿರುಚುತ್ತದೆ" ಅನ್ನುವವರು ಮೊದಲು ಟೈರ್ ನೋಡಿ.

3. ಒಂದೇ ಸೂತ್ರ

ವೇಗವನ್ನು 1000ದಿಂದ ಗುಣಿಸಿ, 60ರಿಂದ ಭಾಗಿಸಿ, ಸುತ್ತಳತೆಯಿಂದ ಭಾಗಿಸಿ. ಚಕ್ರ ನಿಮಿಷಕ್ಕೆ ಎಷ್ಟು ಸುತ್ತು ಹಾಕುತ್ತದೆ ಅನ್ನೋದು ಸಿಕ್ಕಿತು. ಅದನ್ನು ಕ್ರೌನ್-ಪಿನಿಯನ್ ರೇಷಿಯೊದಿಂದ, ಆಮೇಲೆ ಗೇರಿನ ರೇಷಿಯೊದಿಂದ ಗುಣಿಸಿದರೆ ಆರ್‌ಪಿಎಂ.

ಸುತ್ತಳತೆ 2 ಮೀಟರ್, ಕ್ರೌನ್-ಪಿನಿಯನ್ 4.55, ನಾಲ್ಕನೇ ಗೇರ್ 1 ಅಂತ ಇಟ್ಟುಕೊಳ್ಳಿ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಎಂಜಿನ್ ಸುಮಾರು 3,030 ಸುತ್ತು ಹಾಕುತ್ತದೆ. 100ರಲ್ಲಿ ಸುಮಾರು 3,790. ಈಗ 0.82ರ ಐದನೇ ಗೇರ್ ಸೇರಿಸಿದರೆ 80ಕ್ಕೆ ಸುಮಾರು 2,490, ನೂರಕ್ಕೆ 3,110. ಬಾಕ್ಸ್ ಮುಟ್ಟದೆ ಬರೀ ಕ್ರೌನ್-ಪಿನಿಯನ್ನನ್ನು 3.9ಕ್ಕೆ ಬದಲಿಸಿದರೆ 80ಕ್ಕೆ 2,600, ನೂರಕ್ಕೆ 3,250.

ಎರಡೂ ದಾರಿಯಲ್ಲಿ ಹೈವೇ ಫಲ ಹೆಚ್ಚುಕಡಿಮೆ ಒಂದೇ ಅಲ್ವಾ? ವ್ಯತ್ಯಾಸ ಇರುವುದು ಕೆಳಗಿನ ಗೇರುಗಳಲ್ಲಿ. ಹೆಚ್ಚಿನವರು ಎಡವುವುದೂ ಅಲ್ಲೇ.

4. ಮೊದಲ ಗೇರ್ ಉಳಿಯುತ್ತದೆಯೇ?

ಮೊದಲ ಗೇರಿನ ರೇಷಿಯೊವನ್ನು ಕ್ರೌನ್-ಪಿನಿಯನ್ನಿನಿಂದ ಗುಣಿಸಿ. ಮೊದಲ ಗೇರ್ 3.6 ಇದ್ದು ಹಿಂದೆ 4.55 ಇದ್ದರೆ 16.4. ಹಿಂದೆ 3.9 ಮಾಡಿದರೆ 14. ಅಂದರೆ ನಿಂತಲ್ಲಿಂದ ಹೊರಡುವ ಎಳೆತ ಏಳರಲ್ಲಿ ಒಂದು ಪಾಲು ಹೋಯಿತು. ಐದು ಜನ, ಡಿಕ್ಕಿ ತುಂಬ ಸಾಮಾನು, ಏರಿನಲ್ಲಿ ನಿಂತು ಹೊರಡಬೇಕು. ಆಗ ಕ್ಲಚ್ ಸುಡುವ ವಾಸನೆ ಬರುತ್ತದೆ.

ಸಂತೆಯ ನಡಿಗೆಯನ್ನೂ ಲೆಕ್ಕ ಹಾಕಿ. ದುರ್ಗದಬೈಲಿನ ಸಂಜೆಯ ಗದ್ದಲದಲ್ಲಿ ಗಾಡಿ ಮೊದಲ ಗೇರಿನಲ್ಲೇ ತೆವಳಬೇಕು. ಎಂಜಿನ್ 800 ಸುತ್ತಿನಲ್ಲಿದ್ದಾಗ 16.4 ಇದ್ದರೆ ಗಾಡಿ ಗಂಟೆಗೆ ಆರು ಕಿ.ಮೀ. ಒಳಗೆ ನಡೆಯುತ್ತದೆ. 14 ಇದ್ದರೆ ಏಳರ ಹತ್ತಿರ. ಕಾಗದದ ಮೇಲೆ ಇದು ಚಿಕ್ಕ ವ್ಯತ್ಯಾಸ. ಎಡಗಾಲಿಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ.

ಇನ್ನೊಂದು ಸಂಗತಿಯನ್ನು ಬಹಳ ಜನ ನೋಡುವುದೇ ಇಲ್ಲ. ಅದು ಗೇರಿನಿಂದ ಗೇರಿಗೆ ಇರುವ ಅಂತರ. ವಿದೇಶದಲ್ಲಿ ಹಳೇ ಕಾರುಗಳಿಗೆ ಹೆಚ್ಚಾಗಿ ಹಾಕುವ ಎರಡು ಐದು-ಗೇರ್ ಬಾಕ್ಸುಗಳನ್ನು ಹೋಲಿಸಿ ನೋಡೋಣ. ಫೋರ್ಡ್ ಸಿಯೆರಾದ ಟೈಪ್-9 ಬಾಕ್ಸಿನ ರೇಷಿಯೊ 3.65, 1.97, 1.37, 1, 0.82. ಮಾಜ್ದಾ ಎಂಎಕ್ಸ್-5ರದ್ದು 3.14, 1.89, 1.33, 1, 0.81. ಮೇಲಿನ ಗೇರುಗಳು ಹೆಚ್ಚುಕಡಿಮೆ ಒಂದೇ. ಮೊದಲಿನಿಂದ ಎರಡಕ್ಕೆ ಹೋಗುವಾಗ ನೋಡಿ. ಫೋರ್ಡಿನಲ್ಲಿ 3,000 ಸುತ್ತಿನಲ್ಲಿದ್ದ ಎಂಜಿನ್ ಸುಮಾರು 1,620ಕ್ಕೆ ಬೀಳುತ್ತದೆ. ಮಾಜ್ದಾದಲ್ಲಿ 1,800ಕ್ಕೆ. ಅರಬೈಲ್ ಘಟ್ಟದ ತಿರುವಿನಲ್ಲಿ, ಮುಂದೆ ತುಂಬಿದ ಲಾರಿ ಇರುವಾಗ, ಹಳೇ ಎಂಜಿನ್ 1,620ರಿಂದ ಮೇಲೆ ಏಳುವುದಿಲ್ಲ. ಮತ್ತೆ ಮೊದಲ ಗೇರಿಗೆ ಬರಬೇಕು. ಅದು ಕಿರುಚುತ್ತದೆ, ಎರಡನೆಯದು ನರಳುತ್ತದೆ. ಘಟ್ಟ ಪೂರ್ತಿ ಇದೇ ಗೋಳು. ಯಾವ ಬಾಕ್ಸ್ ಕೊಳ್ಳುವುದಿದ್ದರೂ ಎರಡನೇ ಗೇರಿನ ರೇಷಿಯೊವನ್ನು ಮೊದಲಿನದರಿಂದ ಭಾಗಿಸಿ. 0.6 ಅಥವಾ ಅದಕ್ಕೂ ಮೇಲೆ ಬಂದರೆ ಒಳ್ಳೆಯದು. 0.55ಕ್ಕಿಂತ ಕಡಿಮೆ ಬಂದರೆ, ನೀವು ಘಟ್ಟದ ಗಿರಾಕಿ ಆಗಿದ್ದರೆ, ನನ್ನ ಪ್ರಕಾರ ಆ ಬಾಕ್ಸ್ ಬೇಡ.

5. ಎಂಜಿನ್ ಎಳೆಯುತ್ತದೆಯೇ?

ಅಂಬಾಸಿಡರಿನ 1,489 ಸಿಸಿ ಪೆಟ್ರೋಲ್ ಎಂಜಿನ್ನಿಗೆ ಇರುವುದು ಸುಮಾರು 50 ಅಶ್ವಶಕ್ತಿ. ಪದ್ಮಿನಿಯ 1,089 ಸಿಸಿಗೆ 40ರ ಆಸುಪಾಸು. ಬ್ರಿಟನ್ನಿನ ಎಂಜಿ-ಬಿ ಕಾರಿನಲ್ಲಿ ಇದ್ದುದು ಅಂಬಾಸಿಡರಿನ ಇದೇ ಬಿಎಂಸಿ ಕಂಪನಿಯ ಬಿ-ಸೀರೀಸ್ ಕುಟುಂಬದ ಎಂಜಿನ್. ಅದಕ್ಕೆ ಹಿಂದೆ 3.9ರ ಕ್ರೌನ್-ಪಿನಿಯನ್ ಕೊಟ್ಟಿದ್ದರು. ಅದನ್ನು ನೋಡಿ ನಮ್ಮವರು "ಅದಕ್ಕೆ ನಡೆದರೆ ನಮಗೂ ನಡೆಯುತ್ತದೆ" ಅನ್ನುತ್ತಾರೆ. ಆದರೆ ಅದರಲ್ಲಿ 1,798 ಸಿಸಿ, ಶಕ್ತಿ ಹೆಚ್ಚುಕಡಿಮೆ ದುಪ್ಪಟ್ಟು, ಇಬ್ಬರೇ ಕೂರುವ ಹಗುರ ಗಾಡಿ. ಅಂಬಾಸಿಡರಿಗೆ ಹಿಂದೆ ಗಿಡ್ಡ ರೇಷಿಯೊ, ಅಂದರೆ ದೊಡ್ಡ ಸಂಖ್ಯೆ, ಕೊಟ್ಟವರು ಸುಮ್ನೆ ಕೊಟ್ಟಿಲ್ಲ.

ಹಾಗಾಗಿ ಹಳೇ ಎಂಜಿನ್ ಮೇಲೆ 80ಕ್ಕೆ 2,400ಕ್ಕಿಂತ ಕೆಳಗೆ ಇಳಿಸಲು ಹೋಗಬೇಡಿ. ಎದುರುಗಾಳಿ ಬಂದರೆ, ಸಣ್ಣ ಏರು ಬಂದರೆ ಪ್ರತಿ ಸಲ ನಾಲ್ಕನೆಯದಕ್ಕೆ ಬರಬೇಕಾಗುತ್ತದೆ. ಪೆಟ್ರೋಲೂ ಉಳಿಯುವುದಿಲ್ಲ. ಐದನೇ ಗೇರಿನಲ್ಲಿ 60ಕ್ಕೆ ಇಳಿದರೆ ಎಂಜಿನ್ 1,870ರ ಹತ್ತಿರ ಇರುತ್ತದೆ. ಅಷ್ಟರಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಎಂಜಿನ್ ಗುದ್ದುತ್ತದೆ, ಬೇರಿಂಗಿಗೆ ಹೊರೆ ಬೀಳುತ್ತದೆ. ಐದನೆಯದು 70 ದಾಟಿದ ಮೇಲೆ ಮಾತ್ರ.

ಎಂಜಿನ್ನಿನ ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಕಡಿಮೆ ಇದ್ದರೆ ಈ ಲೇಖನ ಇಲ್ಲಿಗೇ ಬಿಟ್ಟು ಮೊದಲು ಎಂಜಿನ್ ಮಾಡಿಸಿ.

6. ಏನು ಬದಲಿಸಬೇಕು ಅನ್ನುವ ತೀರ್ಮಾನ

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಊರಲ್ಲೇ ಓಡುವ ಗಾಡಿಗೆ ಮೂಲ ಬಾಕ್ಸನ್ನೇ ರಿಪೇರಿ ಮಾಡಿಸಿ, ಸರಿಯಾದ ಟೈರ್ ಹಾಕಿಸಿ. ಹಳೇ ಅಂಬಾಸಿಡರ್ ಮತ್ತು ಪದ್ಮಿನಿಯ ಮೊದಲ ಗೇರಿಗೆ ಸಿಂಕ್ರೊ ಇಲ್ಲ. ಸಿಂಕ್ರೊ ಅಂದರೆ ಗೇರ್ ಸೇರುವ ಮೊದಲು ಎರಡು ಹಲ್ಲುಚಕ್ರದ ವೇಗ ಸಮ ಮಾಡುವ ಹಿತ್ತಾಳೆ ಉಂಗುರ. ಹಾಗಾಗಿ ಗಾಡಿ ಚಲಿಸುತ್ತಿರುವಾಗ ಮೊದಲ ಗೇರ್ ಹಾಕಿದರೆ ಕರ್ ಅನ್ನುವುದು ಸಹಜ. ಅದಕ್ಕೆ ಮದ್ದು ಡಬಲ್ ಕ್ಲಚ್, ಅಂದರೆ ನ್ಯೂಟ್ರಲ್ಲಿಗೆ ತಂದು ಕ್ಲಚ್ ಬಿಟ್ಟು, ಆಕ್ಸಿಲರೇಟರ್ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಗೇರ್ ಹಾಕುವುದು. ಆ ಶಬ್ದ ಕೇಳಿ ಹೆದರಿ ಒಳ್ಳೇ ಬಾಕ್ಸನ್ನು ಗುಜರಿಗೆ ಹಾಕಬೇಡಿ.

ಬಯಲು ಹೈವೇ ಜಾಸ್ತಿ, ಘಟ್ಟ ಇಲ್ಲವೇ ಇಲ್ಲ ಅನ್ನುವವರಿಗೆ ಕ್ರೌನ್-ಪಿನಿಯನ್ ಬದಲಿಸುವುದು ಅಗ್ಗ. ಬಾಡಿ ಕತ್ತರಿಸಬೇಕಿಲ್ಲ, ಹೊರಗೆ ಏನೂ ಕಾಣುವುದಿಲ್ಲ. ಆದರೆ ಸಂಖ್ಯೆಯನ್ನು ತುಂಬಾ ಇಳಿಸಬೇಡಿ. 4.55 ಇದ್ದರೆ 4.1ರ ಹತ್ತಿರ ಸಾಕು. ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿ ತಿಕ್ಕಿ ತಯಾರಾದವು. ಒಂದರದ್ದು ಇನ್ನೊಂದಕ್ಕೆ ಹಾಕಿದರೆ ಕೂಗುತ್ತದೆ, ಬೇಗ ಸವೆಯುತ್ತದೆ. ಎರಡರ ಮೇಲೂ ಕೊರೆದಿರುವ ಜೋಡಿ ಸಂಖ್ಯೆ ಒಂದೇ ಇದೆಯಾ ನೋಡಿ.

ಜೀಪಿನವರಿಗೆ ಪ್ರತ್ಯೇಕ ಮಾತು. ವಿಲ್ಲಿಸ್ ಸಿಜೆ-3ಬಿ ಮಾದರಿಯಲ್ಲಿ ಆಕ್ಸಲ್ ರೇಷಿಯೊ 5.38. ಅದು ಹೊಲಕ್ಕೆ, ಏರಿಗೆ ಮಾಡಿದ್ದು. ನಾಲ್ಕು ಚಕ್ರ ಎಳೆಯುವ ಗಾಡಿಯಲ್ಲಿ ಹಿಂದಿನ ಕ್ರೌನ್-ಪಿನಿಯನ್ ಒಂದನ್ನೇ ಬದಲಿಸಿದರೆ, ಫೋರ್-ವ್ಹೀಲ್ ಹಾಕಿದ ಕೂಡಲೇ ಮುಂದಿನದು ಒಂದು ವೇಗ, ಹಿಂದಿನದು ಒಂದು ವೇಗ. ಮುಂದೆ ಹಿಂದೆ ಎರಡೂ ಕಡೆಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಒಡೆಯುತ್ತದೆ. ಎರಡೂ ಕಡೆ ಒಂದೇ ರೇಷಿಯೊ ಇರಲೇಬೇಕು.

ಹೈವೇಯೂ ಬೇಕು, ಘಟ್ಟವೂ ಬೇಕು ಅನ್ನುವವರಿಗೆ ಮಾತ್ರ ಐದು ಗೇರಿನ ಬಾಕ್ಸ್. ನೋಡಿ ಆರಿಸಿದರೆ ಮೊದಲ ಗೇರ್ ಹೆಚ್ಚುಕಡಿಮೆ ಹಾಗೇ ಉಳಿದು ಮೇಲೆ ಒಂದು ಸೇರುತ್ತದೆ. ಖರ್ಚು ಬಾಕ್ಸಿನ ಬೆಲೆಗೆ ನಿಲ್ಲುವುದಿಲ್ಲ. ಕ್ಲಚ್, ಶಾಫ್ಟ್, ಎಂಜಿನ್ನಿಗೂ ಬಾಕ್ಸಿಗೂ ನಡುವೆ ಕೂರುವ ಜೋಡಣೆ ಪ್ಲೇಟ್, ಲೇತ್ ಕೂಲಿ ಸೇರಿ ಬಾಕ್ಸಿಗಿಂತ ಜಾಸ್ತಿಯಾಗುತ್ತದೆ.

7. ಗುಜರಿಯಲ್ಲಿ ಬಾಕ್ಸ್ ನೋಡುವುದು

ಮಾರುತಿ 800, ಝೆನ್, ಇಂಡಿಕಾ ಬಾಕ್ಸುಗಳು ಅಗ್ಗಕ್ಕೆ ಸಿಗುತ್ತವೆ. ಮುಟ್ಟಬೇಡಿ. ಅವು ಮುಂದಿನ ಚಕ್ರ ಎಳೆಯುವ ಗಾಡಿಗಳು. ಬಾಕ್ಸ್ ಮತ್ತು ಡಿಫರೆನ್ಷಿಯಲ್ ಒಂದೇ ಕವಚದಲ್ಲಿ ಇರುತ್ತವೆ. ನಮಗೆ ಬೇಕಾದದ್ದು ಎಂಜಿನ್ ಉದ್ದಕ್ಕೆ ಕೂತು ಹಿಂದಿನ ಚಕ್ರ ಎಳೆಯುವ ಗಾಡಿಯ ಬಾಕ್ಸ್. ಕಾಂಟೆಸಾ ಕ್ಲಾಸಿಕ್ ಮತ್ತು ಅಂಬಾಸಿಡರ್ 1800 ಐಎಸ್‌ಝಡ್‌ನಲ್ಲಿ ಇಸುಜು 1.8 ಎಂಜಿನ್ ಜೊತೆ ಐದು ಗೇರಿನ ಬಾಕ್ಸ್ ಬಂದಿತ್ತು. ಅದರ ಬೆಲ್ ಹೌಸಿಂಗ್, ಅಂದರೆ ಎಂಜಿನ್ನಿಗೆ ಅಂಟುವ ಗಂಟೆ ಆಕಾರದ ಭಾಗ, ಇಸುಜು ಎಂಜಿನ್ನಿಗೆ ಮಾಡಿದ್ದು. 1,489 ಸಿಸಿ ಎಂಜಿನ್ನಿಗೆ ನೇರವಾಗಿ ಕೂರುವುದಿಲ್ಲ. ಜಿಪ್ಸಿ ಕಿಂಗ್‌ನಲ್ಲೂ ಐದು ಗೇರ್ ಇದೆ. ಚಿಕ್ಕ ಎಂಜಿನ್ನಿನವರು ಅದನ್ನು ಪರಿಗಣಿಸಬಹುದು. ಸುಮೋ, ಬೊಲೆರೋ ಬಾಕ್ಸುಗಳು ಡೀಸೆಲ್ ಗಾಡಿಗಳವು, ಗಟ್ಟಿ. ಆದರೆ ಭಾರ, ದಪ್ಪ. ಪದ್ಮಿನಿಯ ಅಡಿಯಲ್ಲಿ ಅವುಗಳಿಗೆ ಜಾಗವೇ ಇಲ್ಲ.

ನಿಂತ ಜಾಗದಲ್ಲೇ ಎಣ್ಣೆ ಬೋಲ್ಟ್ ಬಿಚ್ಚಿಸಿ. ಎಣ್ಣೆಯಲ್ಲಿ ಹಳದಿ ಮಿನುಗು ಜಾಸ್ತಿ ಇದ್ದರೆ ಸಿಂಕ್ರೊ ಸವೆದಿದೆ. ಉಕ್ಕಿನ ಚೂರು ಸಿಕ್ಕರೆ ಮನೆಗೆ ನಡೆಯಿರಿ. ಮುಂದಿನ ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಸಡಿಲ ಇದೆಯಾ ನೋಡಿ. ಎಲ್ಲ ಗೇರ್ ಹಾಕಿ, ಕೈಯಿಂದ ತಿರುಗಿಸಿ ರೇಷಿಯೊ ಅಲ್ಲೇ ಎಣಿಸಿ. ಒಂದೇ ಮಾದರಿಯ ಬಾಕ್ಸಿಗೂ ವರ್ಷ ಬದಲಾದರೆ ರೇಷಿಯೊ ಬದಲಾಗಿರಬಹುದು.

ಲಿವರ್ ಎಲ್ಲಿ ಏಳುತ್ತದೆ ಅನ್ನೋದನ್ನು ಟೇಪಿನಿಂದ ಅಳೆಯಿರಿ. ಬೆಂಚ್ ಸೀಟಿನ ನಡುವೆ ಎದ್ದರೆ ಕೂರುವವರು ಎಲ್ಲಿ ಕೂರಬೇಕು? ಬಾಕ್ಸ್ ಜೊತೆ ಬೆಲ್ ಹೌಸಿಂಗ್, ಫೋರ್ಕ್, ಕ್ಲಚ್ ಪ್ಲೇಟ್, ಪ್ರೊಪೆಲ್ಲರ್ ಶಾಫ್ಟಿನ ಮುಂದಿನ ಯೋಕ್ (ಕವಲು ತುದಿ), ಸ್ಪೀಡೋಮೀಟರ್ ಗೇರ್ ಎಲ್ಲ ಕೇಳಿ ತಗೊಳ್ಳಿ. ಆಮೇಲೆ ಬಿಡಿಯಾಗಿ ಹುಡುಕುವುದು ದೊಡ್ಡ ತಲೆನೋವು. ರಸೀದಿ ಬರೆಸಿಕೊಳ್ಳಿ.

8. ಕೂರಿಸುವಾಗ ಮಿಸ್ತ್ರಿ ಹತ್ತಿರ ಏನು ಕೇಳಬೇಕು

ಗೋಕುಲ ರಸ್ತೆ, ತಾರಿಹಾಳ ಕಡೆ ಒಳ್ಳೇ ಲೇತ್ ಕೆಲಸ ಮಾಡುವವರು ಇದ್ದಾರೆ. ಜೋಡಣೆ ಪ್ಲೇಟ್ ಕೊರೆಯುವುದು ಅವರಿಗೆ ಕಷ್ಟವಲ್ಲ. ಕಷ್ಟ ಇರುವುದು ಮಧ್ಯಬಿಂದು ಹೊಂದಿಸುವುದರಲ್ಲಿ. ಎಂಜಿನ್ನಿನ ಕ್ರ್ಯಾಂಕ್ ಮತ್ತು ಬಾಕ್ಸಿನ ಮುಂದಿನ ಶಾಫ್ಟ್ ಒಂದೇ ಗೆರೆಯಲ್ಲಿ ಇರಬೇಕು. ಫ್ಲೈವ್ಹೀಲಿಗೆ, ಸೂಕ್ಷ್ಮ ಅಂತರ ಅಳೆಯುವ ಡಯಲ್ ಗೇಜ್ ಕಟ್ಟಿ, ಬೆಲ್ ಹೌಸಿಂಗಿನ ರಂಧ್ರದ ಸುತ್ತ ತಿರುಗಿಸಿ ನೋಡಬೇಕು. ಮುಳ್ಳಿನ ಓಡಾಟ ಒಟ್ಟು 0.12 ಮಿ.ಮೀ. ಒಳಗಿರಲಿ. ಇದನ್ನು ನೋಡದೆ ಬೋಲ್ಟ್ ಬಿಗಿದರೆ ಮುಂದಿನ ಬೇರಿಂಗ್ ಬೇಗ ಕೂಗುತ್ತದೆ, ಗೇರ್ ತಾನೇ ಹಾರುತ್ತದೆ. ಆಗ ಎಲ್ಲರೂ ಬೈಯುವುದು ಬಾಕ್ಸಿಗೆ. ಹೊಂದಿದ ಮೇಲೆ ಡವೆಲ್ ಪಿನ್ ಹಾಕಿಸಿ. ಬರೀ ಬೋಲ್ಟ್ ಜಾಗ ಹಿಡಿದಿಡುವುದಿಲ್ಲ.

ಕ್ಲಚ್ ಪ್ಲೇಟಿನ ಹೊರ ಅಳತೆ ನಿಮ್ಮ ಪ್ರೆಷರ್ ಪ್ಲೇಟಿಗೆ, ನಡುವಿನ ಹಲ್ಲು ಹೊಸ ಬಾಕ್ಸಿನ ಶಾಫ್ಟಿಗೆ ಹೊಂದಬೇಕು. ಕ್ಲಚ್ ಪ್ಲೇಟ್ ಕಟ್ಟುವವರು ನಡುವಿನ ಹಬ್ ಬದಲಿಸಿ ರಿವೆಟ್ ಹೊಡೆದು ಕೊಡುತ್ತಾರೆ. ವೆಲ್ಡಿಂಗ್ ಮಾಡಿ ಕೊಡುತ್ತೇವೆ ಅಂದರೆ ಬೇಡ ಅನ್ನಿ. ಕ್ರ್ಯಾಂಕ್ ತುದಿಯಲ್ಲಿ ಶಾಫ್ಟಿನ ಮೂತಿ ಕೂರುವ ಬುಷ್ ಹೊಸದಾಗಿ ತಿರುಗಿಸಬೇಕಾಗುತ್ತದೆ. ಅದು ಮರೆತುಹೋಗುವ ಸಾಮಾನು. ಕೇಳಿ ನೆನಪಿಸಿ.

ಪ್ರೊಪೆಲ್ಲರ್ ಶಾಫ್ಟಿನ ಉದ್ದ ಬದಲಾಗುತ್ತದೆ. ಕತ್ತರಿಸಿ ಬೆಸೆದ ಮೇಲೆ ಬ್ಯಾಲೆನ್ಸ್ ಮಾಡಿಸಲೇಬೇಕು, ಎರಡೂ ತುದಿಯ ಕ್ರಾಸಿನ ಯೋಕ್ ಒಂದೇ ದಿಕ್ಕಿಗೆ ಇರಬೇಕು. ಬಾಕ್ಸಿನ ಗೆರೆ ಮತ್ತು ಪಿನಿಯನ್ನಿನ ಗೆರೆ ಒಂದಕ್ಕೊಂದು ಸಮಾಂತರ ಇರಲಿ. ಅರವತ್ತು ದಾಟಿದ ಮೇಲೆ ಸೀಟಿನ ಕೆಳಗೆ ನಡುಕ ಬಂದರೆ ಹುಡುಕಬೇಕಾದ ಜಾಗ ಇದೇ.

ಚಾಸಿ ಅಥವಾ ಅಡ್ಡಪಟ್ಟಿ ಕತ್ತರಿಸಲು ಬಿಡಬೇಡಿ. ಬೋಲ್ಟ್ ಹಾಕಿ ಕೂರಿಸುವ ಬ್ರಾಕೆಟ್ ಮಾಡಿಸಿ.

ಗೇರ್ ಎಣ್ಣೆಯಲ್ಲಿ ಜಿಎಲ್-4, ಜಿಎಲ್-5 ಅಂತ ದರ್ಜೆಗಳಿವೆ. ಅಂಗಡಿಯವರು "ಜಿಎಲ್-5 ಇನ್ನೂ ಒಳ್ಳೇದು" ಅಂತ ಕೊಡುತ್ತಾರೆ. ಹಿಂದಿನ ಹೈಪಾಯ್ಡ್ (ಬಾಗಿದ ಹಲ್ಲಿನ) ಕ್ರೌನ್-ಪಿನಿಯನ್ನಿಗೆ ಅದು ಸರಿ. ಹಿತ್ತಾಳೆ ಸಿಂಕ್ರೊ ಇರುವ ಹಳೇ ಬಾಕ್ಸಿಗೆ ಸಾಮಾನ್ಯವಾಗಿ ಜಿಎಲ್-4 ಬೇಕು. ಜಿಎಲ್-5ರಲ್ಲಿರುವ ಗಂಧಕದ ಅಂಶ ಹಳದಿ ಲೋಹವನ್ನು ತಿನ್ನಬಹುದು. ಬಾಕ್ಸ್ ಯಾವ ಗಾಡಿಯದ್ದೋ ಆ ಗಾಡಿಯ ಕೈಪಿಡಿ ನೋಡಿ ಹಾಕಿ.

9. ಕಾಗದಪತ್ರ

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿ ಇರುವ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. ಬಾಕ್ಸ್ ಜೊತೆ ಎಂಜಿನ್ನೂ ಬದಲಿಸುವ ಯೋಚನೆ ಇದ್ದರೆ ಮೊದಲು ಆರ್‌ಟಿಒ ಅನುಮತಿ ತಗೊಳ್ಳಿ, ಆಮೇಲೆ ಸ್ಪ್ಯಾನರ್.

50 ವರ್ಷ ದಾಟಿದ ಗಾಡಿಗೆ 2021ರ ನಿಯಮದಲ್ಲಿ ವಿಂಟೇಜ್ ನೋಂದಣಿ ಇದೆ. ಮೊದಲ ನೋಂದಣಿಗೆ ಶುಲ್ಕ 20,000 ರೂಪಾಯಿ. ಗಾಡಿ ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಆ ನಂಬರಿನ ಗಾಡಿಯನ್ನು ದಿನಬಳಕೆಗೆ ಓಡಿಸುವಂತೆಯೂ ಇಲ್ಲ. ಮುಂದೆ ಆ ದಾರಿ ಹಿಡಿಯುವ ಆಸೆ ಇದ್ದರೆ ಟನಲ್, ಅಂದರೆ ಬಾಕ್ಸಿನ ಮೇಲೆ ಬರುವ ಗಾಡಿ ನೆಲದ ಉಬ್ಬು, ಕತ್ತರಿಸುವ ಕೆಲಸಕ್ಕೆ ಕೈಹಾಕಬೇಡಿ.

10. ಓಡಿಸಿ ನೋಡುವುದು

ಮೊದಲ ದಿನವೇ ಗೋವಾಕ್ಕೆ ಹೊರಡಬೇಡಿ. ಮೊದಲು ನೃಪತುಂಗ ಬೆಟ್ಟದ ಏರಿನಲ್ಲಿ ನಿಲ್ಲಿಸಿ ಹೊರಡಿಸಿ. ಕ್ಲಚ್ ಜಾರಿಸದೆ ಹೊರಟರೆ ಮೊದಲ ಗೇರಿನ ಲೆಕ್ಕ ಸರಿ. ಆಮೇಲೆ ಧಾರವಾಡ ಬೈಪಾಸಿನಲ್ಲಿ 80ಕ್ಕೆ ಏರಿಸಿ, ವಾಪಸು ಬಂದು ಬಾಕ್ಸ್ ಮತ್ತು ಹೌಸಿಂಗ್ ಹತ್ತಿರ ಕೈ ಹಿಡಿಯಿರಿ. ಬಿಸಿ ಇರುವುದು ಸಹಜ. ಮುಟ್ಟಲೇ ಆಗದಷ್ಟು ಸುಡುತ್ತಿದ್ದರೆ ಎಣ್ಣೆ ಮಟ್ಟ ಮತ್ತು ಬೇರಿಂಗಿನ ಬಿಗಿ ನೋಡಿಸಿ. ಹೊಸ ಕ್ರೌನ್-ಪಿನಿಯನ್ ಹಾಕಿದ್ದರೆ ಮೊದಲ 500 ಕಿ.ಮೀ. ನಿಧಾನ ಓಡಿಸಿ ಎಣ್ಣೆ ಬದಲಿಸಿ.

ಮೊಬೈಲಿನ ಜಿಪಿಎಸ್ ವೇಗಕ್ಕೆ ಸ್ಪೀಡೋಮೀಟರ್ ಹೋಲಿಸಿ. ಅದರ ಕೇಬಲ್ ಬಾಕ್ಸಿನ ಹಿಂದಿನ ತುದಿಯಿಂದ ಬರುತ್ತದೆ. ಆದ್ದರಿಂದ ಟೈರ್ ಅಥವಾ ಕ್ರೌನ್-ಪಿನಿಯನ್ ಬದಲಿಸಿದರೆ ಮೀಟರ್ ತಪ್ಪು ತೋರಿಸುತ್ತದೆ. ಬಾಕ್ಸ್ ಬದಲಿಸಿದಾಗ ಮೀಟರ್ ಸರಿ ತೋರಿಸುತ್ತದೋ ಇಲ್ಲವೋ ಅನ್ನೋದು ಒಳಗಿನ ಸ್ಪೀಡೋಮೀಟರ್ ಗೇರ್ ಮೇಲೆ ನಿಂತಿದೆ.

ಬಿಚ್ಚಿದ ಹಳೇ ಬಾಕ್ಸನ್ನು ಮಾರಬೇಡಿ. ಎಣ್ಣೆ ತುಂಬಿ, ತೂತುಗಳಿಗೆ ಬಿರಡೆ ಹಾಕಿ, ಲಿವರ್, ರಾಡು, ಬೋಲ್ಟುಗಳನ್ನು ಒಂದೇ ಚೀಲದಲ್ಲಿ ಕಟ್ಟಿ, ಯಾವ ಗಾಡಿಯದ್ದು, ಯಾವ ರೇಷಿಯೊ ಅಂತ ಚೀಟಿ ಬರೆದು ಇಡಿ. ಗಾಡಿ ಕೊಳ್ಳುವವರು ಮುಂದೆ ಮೊದಲು ಕೇಳುವುದೇ ಅದನ್ನು.